ಹ್ಯಾಂಡ್‌ಸೆಟ್ ಮಾರಿಸಿದ್ದು ಬಿಲ್ಲು

ಐಫೋನ್ ಬರುವ ಎಂಟು ವರ್ಷ ಮೊದಲೇ, 1999ರ ಫೆಬ್ರವರಿಯಲ್ಲಿ, ಜಪಾನಿನ ಎನ್‌ಟಿಟಿ ಡೊಕೊಮೊ ಕಂಪನಿ ‘ಐ-ಮೋಡ್’ ಎಂಬ ಮೊಬೈಲ್ ಡೇಟಾ ಸೇವೆ ಶುರು ಮಾಡಿತು. ವೇಗ ಸೆಕೆಂಡಿಗೆ ಬರೀ 9.6 ಕಿಲೋಬಿಟ್, ಅದಕ್ಕೆಂದೇ ಹೊಸ ಹ್ಯಾಂಡ್‌ಸೆಟ್ ಕೊಳ್ಳಬೇಕಿತ್ತು. ಆದರೂ ಒಂದೂವರೆ ವರ್ಷದಲ್ಲಿ ಚಂದಾದಾರರು ಒಂದು ಕೋಟಿ ಮುಟ್ಟಿದರು.

ಅದೇ ಹೊತ್ತಿಗೆ ಯುರೋಪಿಗೆ ಬಂದ ವ್ಯಾಪ್ ಫೋನ್‌ಗಳು ಜನರಿಗೆ ಹಿಡಿಸಲಿಲ್ಲ. ವ್ಯತ್ಯಾಸ ಇದ್ದದ್ದು ಬಿಲ್ಲಿನಲ್ಲಿ. ವ್ಯಾಪ್‌ಗೆ ಮೊದಮೊದಲು ನಿಮಿಷದ ಲೆಕ್ಕ. ಪುಟ ತೆರೆಯುವವರೆಗೂ ಮೀಟರ್ ಓಡುತ್ತಿತ್ತು. ಐ-ಮೋಡ್‌ಗೆ ತಿಂಗಳಿಗೆ 300 ಯೆನ್, ಅದರ ಮೇಲೆ ಬಳಸಿದಷ್ಟು ಡೇಟಾಕ್ಕೆ ಮಾತ್ರ ದುಡ್ಡು. ಸೈಟುಗಳ ಚಂದಾವನ್ನೂ ಫೋನ್ ಬಿಲ್ಲಿನಲ್ಲೇ ವಸೂಲಿ ಮಾಡಿ, ಶೇ 9 ಇಟ್ಟುಕೊಂಡು, ಉಳಿದದ್ದನ್ನು ಸೈಟಿನವರಿಗೇ ಕೊಡುತ್ತಿದ್ದರು. ಹಾಗಾಗಿ ಸೈಟುಗಳೂ ಹೆಚ್ಚಿದವು, ಫೋನ್ ಕೊಳ್ಳುವವರೂ ಹೆಚ್ಚಿದರು.

ಊರಿಗೆ ಎಷ್ಟು ಫೋನ್ ಬಂತು ಎಂದು ನಾವು ಸುದ್ದಿ ಬರೆಯುತ್ತೇವೆ. ರೀಚಾರ್ಜ್ ದುಬಾರಿಯಾದಾಗ ಅವುಗಳಲ್ಲಿ ಎಷ್ಟು ಸುಮ್ಮನಾದವು ಎಂದೂ ಕೇಳೋಣ.