ಬೀಸುಕಲ್ಲು ನಿಂತ ಮೇಲೆ

ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರ ಇಂದು ಆಸ್ಪತ್ರೆ, ಕಾಲೇಜು, ಚಿಗರಿ ಬಸ್ಸುಗಳ ಊರು. ಗಿರಣಿ ಬರುವ ಮುನ್ನ ಈ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ನಸುಕಿನಲ್ಲೆದ್ದು ಬೀಸುತ್ತ ಹಾಡುತ್ತಿದ್ದರು. ಸುಗ್ಗಿಯಲ್ಲಿ ಕಣದಲ್ಲಿ ಎತ್ತು ತಿರುಗಿಸುತ್ತ ಗಂಡಸರು ಹಂತಿಯ ಪದ ಹೇಳುತ್ತಿದ್ದರು. ಜನಪದ ಗೀತೆಯನ್ನು ನಾವು ಮನರಂಜನೆಯೆಂದು ಭಾವಿಸಿದ್ದೇವೆ. ಅದು ದುಡಿಮೆಯ ಒಂದು ಅಂಗವಾಗಿತ್ತು. ಗಿರಣಿಯಿಂದ ರಟ್ಟೆಗೆ ಬಿಡುವು ಸಿಕ್ಕಿತು. ಅದಕ್ಕಾಗಿ ಯಾವ ಹೆಣ್ಣುಮಗಳೂ ಅತ್ತಿರಲಿಕ್ಕಿಲ್ಲ. ಆದರೆ ತವರಿನ ನೆನಪನ್ನೂ ಅತ್ತೆಮನೆಯ ಸಂಕಟವನ್ನೂ ಬಾಯಿಬಿಟ್ಟು ಹೇಳಿಕೊಳ್ಳಲು ಆಕೆಗಿದ್ದ ಹೊತ್ತು ಕೂಡ ಅದರೊಂದಿಗೇ ಹೋಯಿತು.

ಆ ಹಾಡುಗಳಲ್ಲಿ ಕೆಲವನ್ನಾದರೂ ಉಳಿಸಿದವರು ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು ಆ ಬಳಗದವರು. 1931ರಲ್ಲಿ 'ಗರತಿಯ ಹಾಡು' ಹೊರಬಂತು. ಹಳ್ಳಿಯ ತಾಯಂದಿರ ಹಾಡಿಗೆ ಮುಸ್ಲಿಮ್ ಗೆಳೆಯನೊಬ್ಬ ಕಿವಿಗೊಟ್ಟದ್ದು ಅಂದು ಯಾರಿಗೂ ಸುದ್ದಿಯೆನಿಸಿರಲಾರದು. ಇಂದು ನಾವದನ್ನು ಎತ್ತಿ ಹೇಳಬೇಕಾಗಿದೆ. ಪುಸ್ತಕದಲ್ಲಿ ಪದ ಉಳಿಯಿತು, ಧಾಟಿ ಉಳಿಯಲಿಲ್ಲ.

ಗರತಿಯ ಹಾಡು ಮನೆಯೊಳಗಿನ ಚರಿತ್ರೆಯಾದರೆ ಲಾವಣಿ ಊರಿನ ಚರಿತ್ರೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದ ಹಲಗಲಿಯ ಬೇಡರ ಮೇಲೆ ಬ್ರಿಟಿಷರ ದಂಡು ನುಗ್ಗಿತು. ಸರಕಾರಿ ವರದಿಗೆ ಅದು ದಂಗೆ. ಲಾವಣಿಕಾರ ಬರೆದಿಟ್ಟದ್ದು ಬೇರೆಯದೇ ಲೆಕ್ಕ: ಲೂಟಿಯಾದ ಕುಡುಗೋಲು, ಕೊಡಲಿ, ಉಪ್ಪು, ಅರಿಸಿನ, ಜೀರಿಗೆಗಳನ್ನು ಕೂಡ ಆತ ಒಂದೊಂದಾಗಿ ಎಣಿಸುತ್ತಾನೆ. ಬಡವನ ಮನೆಯಲ್ಲಿ ಏನಿತ್ತೆಂಬುದು ಕಳೆದುಕೊಂಡವನಿಗೇ ಗೊತ್ತು. ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿ ಜೆ. ಎಫ್. ಫ್ಲೀಟ್! ಹಾಡು ತನ್ನ ವೈರಿಯ ಕೈಯಿಂದಲೂ ಬರೆಸಿಕೊಳ್ಳುತ್ತದೆ.

ಯಾವ ಜಾತಿಯ ಸೊತ್ತೆಂದು ಕೇಳಿದರೆ ಈ ಹಾಡುಗಳು ಉತ್ತರಿಸುವುದಿಲ್ಲ. ಉತ್ತರ ಕರ್ನಾಟಕದ ಮೊಹರಮ್ ಪದಗಳನ್ನೇ ನೋಡಿ. ಕ್ರಿ.ಶ. 680ರ ಕರ್ಬಲಾದ ದುಃಖವನ್ನು, ಇಮಾಮ್ ಹುಸೈನರ ಹೌತಾತ್ಮ್ಯವನ್ನು ಅಚ್ಚ ಹಳ್ಳಿಗನ್ನಡದಲ್ಲಿ ಹಾಡುವವರಲ್ಲಿ ಮುಸ್ಲಿಮರಲ್ಲದವರೂ ಬಹಳ. ಮುಸ್ಲಿಮ್ ಮನೆಯೇ ಇಲ್ಲದ ಊರುಗಳಲ್ಲಿಯೂ ಅಲಾಯಿ ದೇವರು ಕೂಡುತ್ತವೆ. ಇದು ಧರ್ಮಕ್ಕೆ ಹೊಂದುವುದೇ ಎಂಬ ಚರ್ಚೆ ನಮ್ಮಲ್ಲಿದೆ, ಇರಲಿ. ಬೀಸುವ ಕಲ್ಲಿನ ಹಾಡು ಕೆಲಸ ಕಳೆದುಕೊಂಡು ಸುಮ್ಮನಾದರೆ ಮೊಹರಮ್ಮಿನ ಪದಕ್ಕೆ ವರುಷಕ್ಕೊಮ್ಮೆ ಕೆಲಸವಿದೆ. ಹೆಜ್ಜೆಮೇಳದ ಹುಡುಗರು ಅದನ್ನು ಇನ್ನೂ ಕಲಿಯುತ್ತಿದ್ದಾರೆ.