ಗೋಡೆಯ ಆಚೆ ಬದಿ

ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮವರು ವೀಕೆಂಡ್ ಬಂತಂದ್ರೆ ಕ್ಯಾಮೆರಾ ಹಿಡಿದು ಮಾಂಟೆರೇ ಕಡಲ ಕಡೆ ಹೊರಡ್ತಾರೆ. ಸಾನ್ ಹೋಸೆಯಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಸಾನ್ ಹ್ವಾನ್ ಬೌಟಿಸ್ಟಾ ಅನ್ನೋ ಪುಟ್ಟ ಊರಿದೆ. ನಾನು ಅಲ್ಲಿಗೆ ಹೋಗಿದ್ದು ಬರೀ ಕಮಾನುಗಳ ಫೋಟೋ ತೆಗೆಯೋಕೆ. ಬಿಳಿ ಗೋಡೆ, ಕೆಂಪು ಹೆಂಚು, ಉದ್ದದ ಜಗುಲಿಯಲ್ಲಿ ಸಾಲಾಗಿ ಬಿದ್ದ ನೆರಳು. ಎಲ್ಲಿ ನಿಂತು ಕ್ಲಿಕ್ ಮಾಡಿದ್ರೂ ಕ್ಯಾಲೆಂಡರಿಗೆ ಹಾಕಬಹುದು.

ಈ ಮಿಷನ್ ಶುರುವಾಗಿದ್ದು 1797ರ ಜೂನ್ 24ರಂದು. ಸ್ಪೇನ್ ದೇಶದ ಪಾದ್ರಿಗಳು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ 21 ಮಿಷನ್‌ಗಳಲ್ಲಿ ಇದು 15ನೆಯದು. ಈಗಿರುವ ಚರ್ಚಿನ ಕೆಲಸ 1803ರಲ್ಲಿ ಆರಂಭವಾಗಿ 1812ರಲ್ಲಿ ಮುಗಿಯಿತು. ನೆಲಕ್ಕೆ ಹಾಸಿದ ಬಿಲ್ಲೆಗಳನ್ನ ಬಯಲಲ್ಲಿ ಒಣಗಿಸುವಾಗ ಯಾವುದೋ ಪ್ರಾಣಿ ಓಡಾಡಿ ಮೂಡಿಸಿದ ಹೆಜ್ಜೆಗುರುತು ಇವತ್ತಿಗೂ ಹಾಗೇ ಇದೆ. ಹಿಚ್‌ಕಾಕ್‌ನ 'ವರ್ಟಿಗೊ' ಸಿನಿಮಾ ನೋಡಿದವರು ಬಂದು ಗಂಟೆಗೋಪುರ ಹುಡುಕ್ತಾರೆ. ಅದು ಅಲ್ಲಿಲ್ಲ. ಸಿನಿಮಾದಲ್ಲಿ ಕಾಣೋ ಆ ಗೋಪುರ ಸ್ಟುಡಿಯೋದವರ ಕೈಚಳಕ.

ಪ್ರಾಣಿಯ ಹೆಜ್ಜೆ ಉಳಿದಿದೆ, ಸರಿ. ಆ ಬಿಲ್ಲೆ ಮಾಡಿದವರು?

ಚರ್ಚಿನ ಪಕ್ಕದ ಗೋಡೆಯಾಚೆ ಸ್ಮಶಾನವಿದೆ. 4,000ಕ್ಕೂ ಹೆಚ್ಚು ಮೂಲನಿವಾಸಿಗಳನ್ನು ಅಲ್ಲಿ ಹೂಳಲಾಗಿದೆ; ಹೆಚ್ಚಿನವರಿಗೆ ಹೆಸರು ಕೆತ್ತಿದ ಒಂದು ಕಲ್ಲೂ ಇಲ್ಲ. ದೀಕ್ಷಾಸ್ನಾನ ಪಡೆದವರು ಅಪ್ಪಣೆಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಒತ್ತೊತ್ತಾಗಿ ಬದುಕಬೇಕಾದ ಜಾಗಕ್ಕೆ ಯುರೋಪಿನ ರೋಗಗಳು ಬಂದವು. ದಡಾರದಂಥ ಕಾಯಿಲೆ ತಡೆದುಕೊಳ್ಳುವ ಶಕ್ತಿ ಈ ಜನರ ಮೈಗಿರಲಿಲ್ಲ. ಸ್ಮಶಾನದ ಕೆಳಗಿನ ಇಳಿಜಾರಿನಲ್ಲೇ ಸಾನ್ ಆಂಡ್ರಿಯಾಸ್ ಬಿರುಕು ಹಾದುಹೋಗುತ್ತೆ. 1906ರ ಭೂಕಂಪದಲ್ಲಿ ಚರ್ಚಿನ ಪಕ್ಕದ ಗೋಡೆಗಳು ಕುಸಿದವು. ಅವನ್ನು ಮತ್ತೆ ಕಟ್ಟಿದ್ದಾರೆ. ಗೋಡೆ ಕಟ್ಟೋದು ಸುಲಭ.

ಸತ್ತವರ ಜೊತೆ ಮುತ್ಸುನ್ ಎಂಬ ಭಾಷೆಯೂ ಸೊರಗಿತು. ಅದನ್ನು ಚೆನ್ನಾಗಿ ಬಲ್ಲ ಕೊನೆಯ ಹೆಂಗಸು ಅಸೆನ್ಸಿಯೋನ್ ಸೊಲೋರ್ಸಾನೊ 1930ರಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಜೆ.ಪಿ. ಹ್ಯಾರಿಂಗ್ಟನ್ ಎಂಬ ಭಾಷಾತಜ್ಞ ಅವರ ಪಕ್ಕದಲ್ಲೇ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡ. ಅದಕ್ಕೂ ನೂರು ವರ್ಷ ಮೊದಲು ಇದೇ ಮಿಷನ್ನಿನ ಪಾದ್ರಿ ಫೆಲಿಪೆ ಅರೋಯೊ ದೆ ಲಾ ಕ್ವೆಸ್ತಾ ಮುತ್ಸುನ್ ವ್ಯಾಕರಣ, ಪದಕೋಶ ಬರೆದಿಟ್ಟಿದ್ದ.

ಕನ್ನಡದವರಿಗೆ ಇಲ್ಲಿ ಕಿಟೆಲ್ ನೆನಪಾಗದೇ ಇರ್ತಾನಾ? 1894ರಲ್ಲಿ ಬಾಸೆಲ್ ಮಿಷನ್ ಛಾಪಿಸಿದ ಆ ನಿಘಂಟನ್ನು ನಾವು ಅಭಿಮಾನದಿಂದ ತೆರೀತೀವಿ. ಆದ್ರೆ ಕಿಟೆಲ್ ಬರೆಯುವಾಗ ಕನ್ನಡ ಮನೆಮನೆಯಲ್ಲಿತ್ತು, ಪೇಟೆಯಲ್ಲಿತ್ತು, ಸಾವಿರ ವರ್ಷದ ಕಾವ್ಯದಲ್ಲಿತ್ತು. ನಿಘಂಟು ಇಲ್ಲದಿದ್ದರೂ ನಮ್ಮ ಅಜ್ಜಿ ಜಗಳ ಆಡೋದು ನಿಲ್ತಿರಲಿಲ್ಲ. ಮುತ್ಸುನ್ ಮಕ್ಕಳಿಗೆ ಉಳಿದಿದ್ದು ಆ ಬರಹ ಮಾತ್ರ. ಆ ಪಾದ್ರಿಯ ಕೈಯೊಂದು ಮಾತನ್ನು ಕೂಡಿಡುತ್ತಿದ್ದಾಗಲೇ, ಅವನ ಸಂಸ್ಥೆ ಮಾತಾಡುವವರ ಬದುಕನ್ನು ಒಡೆಯುತ್ತಿತ್ತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಡೋಕಾಗಲ್ಲ.

ಆ ಹಳೇ ಬರಹಗಳನ್ನೇ ಓದಿ, ಮುತ್ಸುನ್ ವಂಶದವರು ಈಗ ತಮ್ಮ ಭಾಷೆ ಕಲೀತಿದ್ದಾರೆ. 2016ರಲ್ಲಿ ಹೊಸ ನಿಘಂಟೂ ಬಂತು. ನೀವು ಆ ಕಡೆ ಹೋದ್ರೆ ಕಮಾನುಗಳ ಫೋಟೋ ಖಂಡಿತ ತೆಗೀರಿ. ಹಾಗೇ ಗೋಡೆಯ ಆಚೆ ಬದಿಗೂ ಹೋಗಿ ಒಂದೈದು ನಿಮಿಷ ಸುಮ್ನೆ ನಿಲ್ಲಿ.