ಕೆಳಗಿನಿಂದ ಮೇಲೇಳುವಿಕೆ (ಕುಸ್ತಿ)

ಕುಸ್ತಿಯಲ್ಲಿ ನೆಲಕ್ಕೆ ಬಿದ್ದು ಎದುರಾಳಿಯ ಹಿಡಿತದಡಿ ಸಿಲುಕಿದ ಮಲ್ಲನು ಆ ಹಿಡಿತವನ್ನು ಬಿಡಿಸಿಕೊಂಡು, ಮತ್ತೆ ಕಾಲೂರಿ ನಿಂತು, ಎದುರಾಳಿಗೆ ಮುಖ ಕೊಡುವ ಕ್ರಮವನ್ನು ಕೆಳಗಿನಿಂದ ಮೇಲೇಳುವಿಕೆ ಎನ್ನಬಹುದು. ಹಿಡಿದು ಕೆಡಹುವ ಎಲ್ಲ ಕ್ರೀಡೆಗಳಲ್ಲಿಯೂ ಇದು ಉಂಟು. ಆದರೆ ಇದರ ಬೆಲೆ ಎಲ್ಲೆಡೆಯೂ ಒಂದೇ ಅಲ್ಲ. ಕರ್ನಾಟಕದ ಮಣ್ಣಿನ ಅಖಾಡದಲ್ಲಿ ಬೋರಲು ಮಲಗಿ ಕಾಯುವುದು ಒಳ್ಳೆಯ ರಕ್ಷಣೆ. ಅದೇ ಅಭ್ಯಾಸವನ್ನು ಮ್ಯಾಟ್ ಮೇಲಕ್ಕೆ ಒಯ್ದ ಪೈಲ್ವಾನನು ಕೆಲವೇ ಕ್ಷಣಗಳಲ್ಲಿ ಪಂದ್ಯವನ್ನು ಕಳೆದುಕೊಳ್ಳಬಲ್ಲನು.

ನಾಡಕುಸ್ತಿಯಲ್ಲಿ

ಮಲ್ಲಕಾಳಗವು ಕನ್ನಡ ನಾಡಿನಲ್ಲಿ ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮೈಸೂರು ದಸರೆಯ ಕುಸ್ತಿಯಲ್ಲಿ ಇಂದು ನಾಡಕುಸ್ತಿ ಮತ್ತು ಪಾಯಿಂಟ್ ಕುಸ್ತಿ ಎರಡೂ ನಡೆಯುತ್ತವೆ.

ನಾಡಕುಸ್ತಿಯ ಸೋಲುಗೆಲುವು ಅಂಕಗಳ ಲೆಕ್ಕವಲ್ಲ. ಬೆನ್ನು ಮಣ್ಣಿಗೆ ತಾಗಿ ‘ಚಿತ್’ ಆದವನು ಸೋತನು. ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗಿದವನು ಎಷ್ಟು ಹೊತ್ತು ಹಾಗಿದ್ದರೂ ಚಿತ್ ಆದಂತಾಗುವುದಿಲ್ಲ. ಆದುದರಿಂದ ಕೆಳಗಿನವನು ಮೊಣಕೈಗಳನ್ನು ಪಕ್ಕೆಗೆ ಬಿಗಿದು, ಕಾಲುಗಳನ್ನು ಅಗಲಿಸಿ, ಮೇಲಿನವನ ಭಾರವನ್ನು ಹೊತ್ತು ಅವನ ದಣಿವಿಗಾಗಿ ಕಾಯುತ್ತಾನೆ. ನೋಡುವವರಿಗೆ ಇದು ಬೇಸರ ತರಿಸಬಹುದು. ಹೇಡಿತನವೆಂದು ಕೂಗುವವರೂ ಉಂಟು. ಆದರೆ ಆ ಹೊತ್ತಿನಲ್ಲಿ ಹೆಚ್ಚಿನ ಶಕ್ತಿ ವ್ಯಯವಾಗುವುದು ಅನೇಕ ವೇಳೆ ಮೇಲಿನವನದೇ.

ಮಣ್ಣಿನಲ್ಲಿ ಏಳುವುದು ಕಷ್ಟವಾಗಲು ಇನ್ನೊಂದು ಕಾರಣವಿದೆ. ನಾಡಕುಸ್ತಿಯಲ್ಲಿ ಎದುರಾಳಿಯ ಚಡ್ಡಿಯನ್ನು ಹಿಡಿಯಲು ಅವಕಾಶವಿರುವುದರಿಂದ, ಸೊಂಟದ ಸುತ್ತಲಿನ ಕೈಗಳನ್ನು ಬಿಡಿಸಿದ ಮಾತ್ರಕ್ಕೆ ಬಿಡುಗಡೆ ದೊರೆಯುವುದಿಲ್ಲ. ಹದ ಮಾಡಿದ ಸಡಿಲ ಮಣ್ಣಿನಲ್ಲಿ ಪಾದ ಹೂತು, ನೂಕಿನ ಬಲವೂ ಸ್ವಲ್ಪ ಕುಂದುತ್ತದೆ.

ಮ್ಯಾಟ್ ಕುಸ್ತಿಯಲ್ಲಿ

ಅಂತರರಾಷ್ಟ್ರೀಯ ಫ್ರೀಸ್ಟೈಲ್ ಪಂದ್ಯದ ಅವಧಿ ತಲಾ 3 ನಿಮಿಷಗಳ ಎರಡು ಸುತ್ತು. ಎದುರಾಳಿಯನ್ನು ಕೆಡವಿ ಹಿಂದೆ ಸರಿದು ಹತೋಟಿಗೆ ತೆಗೆದುಕೊಂಡರೆ 2 ಅಂಕ. ಅನಂತರ ಅವನ ಬೆನ್ನನ್ನು ಮ್ಯಾಟ್‌ನತ್ತ ಹೊರಳಿಸಿದ ಪ್ರತಿ ಸಲವೂ ಮತ್ತೆ 2 ಅಂಕ. 10 ಅಂಕಗಳ ಅಂತರವಾದೊಡನೆ ಪಂದ್ಯ ಮುಗಿಯುತ್ತದೆ. ಒಮ್ಮೆ ಕೆಡವಿ, ಬಿಡದೆ ನಾಲ್ಕು ಸಲ ಹೊರಳಿಸಿದರೆ ಲೆಕ್ಕ ಪೂರ್ಣ. ಸೊಂಟವನ್ನು ತಬ್ಬಿ ಹೊರಳಿಸುವ ಭಾರಂದಾಜ್ ಮತ್ತು ಎರಡು ಕಾಲುಗಳನ್ನು ಹೆಣೆದು ಉರುಳಿಸುವ ಫಿತಲೆ ಇದಕ್ಕೆ ಹೆಸರಾದ ಪಟ್ಟುಗಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಯೋಗೇಶ್ವರ ದತ್ತರು ಉತ್ತರ ಕೊರಿಯಾದ ಎದುರಾಳಿಯನ್ನು ಫಿತಲೆಯಿಂದ ಒಂದೇ ಸಮನೆ ಉರುಳಿಸಿ ಕಂಚಿನ ಪದಕ ಗಳಿಸಿದುದು ಇದಕ್ಕೆ ಪ್ರಸಿದ್ಧ ನಿದರ್ಶನ.

ನೆಲದಲ್ಲಿ ಏನೂ ನಡೆಯದಿದ್ದರೆ ಫ್ರೀಸ್ಟೈಲ್‌ನಲ್ಲಿ ತೀರ್ಪುಗಾರರೇ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ. ಆದ್ದರಿಂದ ಮೊದಲ ಕೆಲವು ಕ್ಷಣ ಹೊರಳದೆ ಉಳಿಯುವುದೂ ಒಂದು ಉಪಾಯವೇ. ಅಮೆರಿಕದ ಕಾಲೇಜು ಕುಸ್ತಿಯ ಕ್ರಮ ಬೇರೆ: ಅಲ್ಲಿ ತಪ್ಪಿಸಿಕೊಂಡು ಎದ್ದವನಿಗೆ 1 ಅಂಕ ದೊರೆಯುತ್ತದೆ. ಮೇಲೇಳುವ ವಿದ್ಯೆ ಆ ದೇಶದಲ್ಲಿ ವಿಶೇಷವಾಗಿ ಬೆಳೆದುದಕ್ಕೆ ಈ ನಿಯಮವೇ ಮುಖ್ಯ ಕಾರಣವೆನ್ನಬೇಕು.

ಏಳುವ ಕ್ರಮ

ಬೋರಲು ಬಿದ್ದವನು ಮೊದಲು ಮಂಡಿಗಳನ್ನು ಒಡಲಡಿಗೆ ಎಳೆದುಕೊಂಡು ಅಂಬೆಗಾಲಿನ ಭಂಗಿಗೆ ಬರಬೇಕು. ಆಗ ಕಂಕುಳು ತೆರೆದಿರಬಾರದು. ತೆರೆದರೆ ಎದುರಾಳಿಯು ಅಲ್ಲಿ ಕೈ ತೂರಿಸಿ ಕತ್ತನ್ನು ಮೀಟಿ ಹೊರಳಿಸುತ್ತಾನೆ. ತಲೆ ಎತ್ತಿರಬೇಕು, ಏಕೆಂದರೆ ತಲೆ ಬಗ್ಗಿದರೆ ಬೆನ್ನೂ ಬಗ್ಗುತ್ತದೆ.

ಮುಂದಿನದು ಕೈಗಳ ಕೆಲಸ, ಹೊಸಬರು ಮರೆಯುವುದೂ ಇದನ್ನೇ. ಸೊಂಟವನ್ನು ಬಳಸಿದ ಕೈಯ ಮಣಿಕಟ್ಟನ್ನು ಹಿಡಿದುಕೊಳ್ಳದೆ ಎದ್ದರೆ, ಎದುರಾಳಿಯೂ ಬೆನ್ನಿಗಂಟಿಕೊಂಡೇ ಏಳುತ್ತಾನೆ. ಬೆರಳುಗಳನ್ನು ತಿರುಚಿ ಬಿಡಿಸುವುದು ಮಾತ್ರ ನಿಷಿದ್ಧ. ಮಣಿಕಟ್ಟು ಸಿಕ್ಕ ಮೇಲೆ ಒಂದು ಪಾದವನ್ನು ಮುಂದೆ ಊರಿ, ಬೆನ್ನನ್ನು ನೇರವಾಗಿಟ್ಟು, ಎದುರಾಳಿಯ ಎದೆಯತ್ತ ಹಿಂದಕ್ಕೆ ಒತ್ತುತ್ತ ಒಂದೇ ಉಸಿರಿಗೆ ಏಳಬೇಕು. ನಿಂತ ಮೇಲೆ ಸೊಂಟವನ್ನು ಮುಂದಕ್ಕೆ ಸರಿಸಿ ಹಿಡಿತವನ್ನು ಸಡಿಲಿಸಿ, ಕೂಡಲೇ ತಿರುಗಿ ಎದುರಾಗಬೇಕು.

ಎದ್ದು ನಿಂತು ಇನ್ನೂ ತಿರುಗದಿರುವ ಘಳಿಗೆಯೇ ಅತ್ಯಂತ ಅಪಾಯಕರವಾದುದು. ಸೊಂಟ ಇನ್ನೂ ಎದುರಾಳಿಯ ತೋಳುಗಳೊಳಗಿದ್ದರೆ ಅವನು ಎತ್ತಿ ಹಿಂದಕ್ಕೆ ಎಸೆಯಬಲ್ಲನು. ನಿಂತ ನಿಲುವಿನಿಂದ ಬೆನ್ನಿನ ಮೇಲೆ ಬೀಳುವಂತೆ ಎಸೆದರೆ 4 ಅಂಕ, ಎತ್ತರದ ಭಾರಿ ಎಸೆತಕ್ಕೆ 5. ಅರ್ಧ ಎದ್ದು ನಿಲ್ಲುವುದಕ್ಕಿಂತ ಏಳದಿರುವುದೇ ಮೇಲು.

ನೇರವಾಗಿ ಏಳಲು ಸಾಧ್ಯವಾಗದಿದ್ದಲ್ಲಿ ಕಾಲುಗಳನ್ನು ಮುಂದಕ್ಕೆ ಚಾಚಿ ಕುಳಿತು, ಹೆಗಲನ್ನು ತಗ್ಗಿಸಿ ಪಕ್ಕಕ್ಕೆ ತಿರುಗುವ ಉಪಾಯವಿದೆ. ಬೆನ್ನಿನ ಮೇಲೆ ಬಿದ್ದವನು ಮಾತ್ರ ಏಳುವ ಯೋಚನೆಯನ್ನು ಬಿಟ್ಟು ಪಾದ ಮತ್ತು ತಲೆಯ ಮೇಲೆ ಮೈಯನ್ನು ಕಮಾನಿನಂತೆ ಎತ್ತಿ ಭುಜಗಳನ್ನು ನೆಲದಿಂದ ಬಿಡಿಸಿ, ಬೋರಲು ಹೊರಳಬೇಕು. ಕತ್ತಿನ ಸಾಧನೆಗೆ ಮಹತ್ವ ಬಂದುದು ಇದರಿಂದ. ಗರಡಿಮನೆಯ ಬಸ್ಕಿಯು ತೊಡೆಗಳಿಗೆ ಎದ್ದು ನಿಲ್ಲುವ ಬಲವನ್ನು ಕೊಡುತ್ತದೆ. ಎದುರಾಳಿಯ ಕೈಗಳನ್ನು ಬಿಡಿಸುವ ಜಾಣ್ಮೆ ಜೋಡಿಯೊಡನೆ ಆಡಿಯೇ ಬರಬೇಕು.

ಇತರ ಕ್ರೀಡೆಗಳಲ್ಲಿ

ಜೂಡೋದಲ್ಲಿ ಬೆನ್ನಿನ ಮೇಲೆ 20 ಸೆಕೆಂಡು ಅದುಮಿ ಹಿಡಿಯಲ್ಪಟ್ಟವನು ಸೋಲುತ್ತಾನೆ. ಆದರೆ ಕೆಳಗಿನವನು ಎದುರಾಳಿಯ ಕಾಲನ್ನು ತನ್ನ ಕಾಲುಗಳಿಂದ ಹೆಣೆದರೆ ಎಣಿಕೆ ನಿಲ್ಲುತ್ತದೆ. ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಬೆನ್ನಿನ ಮೇಲೆ ಮಲಗಿ ಕಾಲುಗಳಿಂದ ಎದುರಾಳಿಯನ್ನು ತಡೆಯುವುದು ಸೋಲಲ್ಲ, ಅದೊಂದು ಹೋರಾಟದ ನಿಲುವು. ಅಲ್ಲಿ ಏಳುವವನು ಒಂದು ಕೈಯನ್ನು ಹಿಂದೆ ಊರಿ, ಇನ್ನೊಂದನ್ನು ಮುಖದ ಮುಂದೆ ಕಾವಲಿಟ್ಟು, ನೆಲದ ಕಾಲನ್ನು ಹಿಂದಕ್ಕೆ ಎಳೆದುಕೊಂಡು ನಿಲ್ಲುತ್ತಾನೆ. ನಾಡಕುಸ್ತಿಯವನಂತೆ ಬೋರಲು ತಿರುಗಿದರೆ ಅಲ್ಲಿ ಬೆನ್ನನ್ನೂ ಕೊರಳನ್ನೂ ಎದುರಾಳಿಗೆ ಒಪ್ಪಿಸಿದಂತಾಗುತ್ತದೆ.